ಕಾಲಿಗೆ ಬೀಳೋದನ್ನ ಹೀರೋ ಕಲಿಸಿದ್ದು

ಆ ಕಾಲದ ಹೀರೋಗಳ ಮೀಸೆಯನ್ನೆಲ್ಲ ಅಂಟಿಸಿದ್ದು ಮೇಕಪ್ ಕೆಂಚಣ್ಣನೇ. ಇಲ್ಲ ಅನ್ನೋಕೆ ಆ ಹೀರೋಗಳು ಯಾರೂ ಈಗಿಲ್ಲ. ಸಾವಂತ್ರಮ್ಮನ ಟೀ ಅಂಗಡಿಯಲ್ಲಿ ಕೂತು ಮುದುಕ ಹೇಳಿದ ಕಥೆ ಇದು.

ಒಂದು ಸಿನಿಮಾದಲ್ಲಿ ಹೀರೋ ಹೀರೋಯಿನ್ ಕೆನ್ನೆಗೆ ಬಾರಿಸಬೇಕು, ಆಮೇಲೆ ಅವಳೇ ಅವನ ಕಾಲಿಗೆ ಬೀಳಬೇಕು. ಹೊಸ ಹುಡುಗಿ ಕುಮುದಾ, "ಹೊಡೆದೋನು ಅವನು, ಬೀಳೋದು ನಾನ್ಯಾಕೆ?" ಅಂದಳು.

"ಬೀಳದಿದ್ರೆ ಮನೆಗೆ ಹೋಗು, ಬೇರೆಯವಳು ಬರ್ತಾಳೆ," ಅಂತ ಹೀರೋ ಗುಡುಗಿದ. ಡೈರೆಕ್ಟರು ತಲೆ ತಗ್ಗಿಸಿದ.

ಆ ಹೀರೋಗೆ ಒಂದು ಚಟ. ಯಾರ ಪಾತ್ರವಾದರೂ ತಾನೇ ಮಾಡಿ ತೋರಿಸಬೇಕು. ಕೆಂಚಣ್ಣ ಅವನ ಬೆವರು ಒರೆಸುತ್ತಾ, "ಅಣ್ಣಾ, ಪಾಪ, ಆ ಹುಡುಗಿಗೆ ಬೀಳೋಕೇ ಬರಲ್ಲ. ನಿಮ್ಮಂಗೆ ಬೀಳೋರು ಈ ನಾಡಲ್ಲೇ ಇಲ್ಲ. ಒಂದ್ಸಲ ತೋರಿಸಿಬಿಡಿ," ಅಂದ. ಕ್ಯಾಮೆರಾ ಓಡಿಸು ಅಂತ ಕ್ಯಾಮೆರಾದವನಿಗೆ ಕಣ್ಣು ಹೊಡೆದ.

ಹೀರೋ ಉಬ್ಬಿಹೋದ. ಕುಮುದಾಳ ಕಾಲಿಗೆ ದಬಕ್ಕನೆ ಬಿದ್ದು, "ತಪ್ಪಾಯ್ತು, ಕ್ಷಮಿಸಿಬಿಡು!" ಅಂತ ಗೊಳೋ ಅಂದ.

"ಏಳಪ್ಪ, ಕ್ಷಮಿಸಿದೀನಿ," ಅಂದಳು ಕುಮುದಾ.

ಶೂಟಿಂಗ್ ನೋಡಲು ಬಂದ ಹೆಂಗಸರೆಲ್ಲ ಶಿಳ್ಳೆ ಹೊಡೆದರು. ಕೆಂಗಣ್ಣು ಬಿಟ್ಟು ಎದ್ದ ಹೀರೋ, ಶಿಳ್ಳೆ ಕೇಳಿ ಕಾಲರ್ ಸರಿಮಾಡಿಕೊಂಡ. "ಇದೇ ಇರಲಿ. ಐಡಿಯಾ ನಂದೇ," ಅಂದ. ಕುಮುದಾಳ ಪಾತ್ರ ಉಳಿಯಿತು.

"ಆ ಸಿನಿಮಾ ಎಷ್ಟೋ ಸಲ ನೋಡಿದೀನಿ ಕೆಂಚಣ್ಣ," ಅಂದಳು ಸಾವಂತ್ರಮ್ಮ. "ಅದ್ರಲ್ಲಿ ಹೀರೋ ಯಾರ ಕಾಲಿಗೂ ಬೀಳಲ್ಲ."

ಕೆಂಚಣ್ಣ ಹೆಗಲು ಕುಣಿಸಿದ. "ಎಲ್ಲಿ ಬೀಳ್ತಾನೆ? ಫಿಲಂ ಕತ್ತರಿಸಿದೋನೂ ಗಂಡಸೇ ಅಲ್ವೇನಮ್ಮಾ?"