ಹೂಂ ಅಂದವನ ಮನೆ

“ಗುರುವೇ, ಮನೆ ನನ್ನದು, ಕಂಪ್ಯೂಟರ್ ನನ್ನದು, ಕರೆಂಟು ನನ್ನದು. ಹಾಗಿದ್ದ ಮೇಲೆ, ನನ್ನನ್ನು ಒಂದು ಮಾತೂ ಕೇಳದೆ ಒಳಗೆ ಬಂದು ಕೂತಿರುವ ಈ ಜಾಹೀರಾತು ಯಾರದು? ಹೊರಗೆ ಹಾಕಿದಷ್ಟೂ ಏಕೆ ತಿರುಗಿ ಬರುತ್ತದೆ?”

ಹೀಗೆ ಕೇಳಿದವನು ಬಸವಣ್ಯಪ್ಪ. ನನ್ನ ಗರಡಿಯಲ್ಲಿ ಕುಸ್ತಿ ಕಲಿತವನು. ಅವನು ಸೈಕಲ್ಲು ಇಳಿದು ನುಗ್ಗಿದ ರಭಸಕ್ಕೆ ಅಖಾಡದ ಕೆಮ್ಮಣ್ಣು ಎದ್ದು ನನ್ನ ಮೀಸೆಯ ಮೇಲೆ ಕೂತಿತು. ಅವನ ಮಗಳು ನರ್ಸಿಂಗ್ ಕಾಲೇಜಿಗೆ ಅರ್ಜಿ ತುಂಬಬೇಕು. ನಾಳೆ ಕಡೆಯ ದಿನ. ಹುಡುಗಿ ತನ್ನ ಹೆಸರು ಬರೆಯುವಷ್ಟರಲ್ಲಿ ಅರ್ಜಿಯ ಮೇಲೆ ಕೂದಲೆಣ್ಣೆಯ ಜಾಹೀರಾತು ಬಂದು ಕೂರುತ್ತದೆ. ಒಂದನ್ನು ಮುಚ್ಚಿದರೆ ಎರಡು ತೆರೆಯುತ್ತವೆ. ಮೂರು ಸಲ ಬರೆದದ್ದೆಲ್ಲ ಅಳಿಸಿ ಹೋಗಿದೆ. ಹುಡುಗಿ ಅಳುತ್ತಾ ಕೂತಿದ್ದಾಳೆ.

ನನಗೆ ಕಂಪ್ಯೂಟರಿನ ಗಂಧಗಾಳಿ ಗೊತ್ತಿಲ್ಲ. ಶಾಲೆಯ ಮೆಟ್ಟಿಲು ಹತ್ತಿದವನೂ ಅಲ್ಲ. ಆದರೆ ನಾನು ಬಿಡಿಸದ ಪಟ್ಟು ಈ ಏಳು ಸೀಮೆಯಲ್ಲಿ ಇಲ್ಲ.

“ಕೂತುಕೋ. ಕತೆ ಹೇಳುತ್ತೇನೆ. ಹೂಂ ಅನ್ನುತ್ತಾ ಕೇಳಬೇಕು. ಹೂಂ ಅನ್ನದವನಿಗೆ ನಾನು ಕತೆ ಹೇಳುವುದಿಲ್ಲ,” ಎಂದೆ.

“ಹೂಂ,” ಎಂದ. ಅವನ ಕಣ್ಣು ಬಾಗಿಲ ಕಡೆಗೇ ಇತ್ತು.

“ಒಬ್ಬ ರೈತನಿದ್ದ. ಅವನ ಬಾಗಿಲಿಗೆ ಒಬ್ಬ ವರ್ತಕ ಬೀಸುಕಲ್ಲು ತಂದ. ಪುಕ್ಕಟೆ ಎಂದ. ಅಂತಿಂಥ ಕಲ್ಲಲ್ಲ. ಒಂದು ಕಡೆ ಜೋಳ ಸುರಿದರೆ ಇನ್ನೊಂದು ಕಡೆ ಬಿಸಿ ರೊಟ್ಟಿ ಬೀಳುತ್ತಿತ್ತು. ಕಲ್ಲು ಇಳಿಸುವ ಮುಂಚೆ ವರ್ತಕ ಒಂದು ಕರಾರುಪತ್ರ ಬಿಚ್ಚಿ ಓದತೊಡಗಿದ. ಅದರ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಪಕ್ಕದ ಊರಿನ ಬಾವಿಕಟ್ಟೆಯ ಮೇಲೆ. ರೈತನ ಕಣ್ಣು ರೊಟ್ಟಿಯ ಮೇಲೆ. ಓದಿದ್ದಕ್ಕೆಲ್ಲ ಹೂಂ, ಹೂಂ ಎಂದ.”

“ಹೂಂ.”

“ಮರುದಿನ ಎದ್ದು ನೋಡಿದರೆ ನಡುಮನೆಯಲ್ಲಿ ಜಾಗಟೆ ಹಿಡಿದ ಒಬ್ಬ ಅಪರಿಚಿತ. ಬಳೆ ಕೊಳ್ಳಿ, ಎಣ್ಣೆ ಕೊಳ್ಳಿ ಎಂದು ಅವನು ಬಾರಿಸಿದ ಬಾರಿಸುವಿಕೆಗೆ ಎಮ್ಮೆಯ ಕೆಚ್ಚಲಿನಲ್ಲೇ ಹಾಲು ಕಡೆದುಹೋಯಿತು. ಕರೆದರೆ ಮಜ್ಜಿಗೆ ಬಂತು. ಸುಳ್ಳಲ್ಲ, ಅದರಲ್ಲಿ ಎರಡು ಚೆಂಬು ನಾನೇ ಕುಡಿದಿದ್ದೇನೆ. ರೈತ ಅವನನ್ನು ಹೊರಗೆ ದಬ್ಬಿದ. ಊಟಕ್ಕೆ ಕೂತರೆ ತಟ್ಟೆಯ ಎದುರಿಗೆ ಮತ್ತೆ ಅವನೇ. ಬೀಗ ಹಾಕಿದ, ಬಾಗಿಲನ್ನೇ ಬದಲಿಸಿದ. ಏನೂ ಆಗಲಿಲ್ಲ. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು, ಹುಡುಗಿಯ ಹೆಸರೇನು ಎಂದರು. ರೈತ ಬಾಯಿ ತೆರೆಯುವ ಮುಂಚೆ ಜಾಗಟೆಯವನು ಕೂದಲೆಣ್ಣೆ ಎಂದ. ಬಂದವರು ಎದ್ದು ಹೋದರು.”

“ಹೂಂ,” ಎಂದ ಬಸವಣ್ಯಪ್ಪ, ಹಲ್ಲು ಕಡಿಯುತ್ತಾ.

“ರೈತ ಸಿಟ್ಟಿನಿಂದ ವರ್ತಕನ ಅಂಗಡಿಗೆ ಹೊರಟ. ಮೂರು ಹಳ್ಳ ಹಾರಿದ. ಕತೆ ಮುಗಿದ ಮೇಲೆ ಬಸವಣ್ಯಪ್ಪನ ಸೈಕಲ್ಲು ಗುರುವಿನದು. ನಾಲ್ಕನೆಯ ಹಳ್ಳವನ್ನೂ ಹಾರಿ ಅಂಗಡಿ ಮುಟ್ಟಿದ.”

“ಹೂಂ, ಮುಟ್ಟಿದ. ಆಮೇಲೆ?”

“ವರ್ತಕ ನಕ್ಕ. ‘ನೀನೇ ಹೂಂ ಅಂದೆಯಲ್ಲ. ಕರಾರಿನ ನಡುವೆ ಇದೆ ನೋಡು, ಕಲ್ಲಿನ ಜೊತೆ ಜಾಗಟೆಯವನೂ ಇರುತ್ತಾನೆ ಎಂದು.’ ರೈತ ಹೇಳಿದ: ‘ಎದುರಿಗೆ ಹೇಳಲು ನಾಚಿಕೆಯಾದದ್ದನ್ನು ನಡುವೆ ಮುಚ್ಚಿಟ್ಟೆ. ಇದು ವ್ಯಾಪಾರವಲ್ಲ, ಕನ್ನ.’ ಸರಿಯಾಗಿಯೇ ಹೇಳಿದ. ಅಂಥ ವರ್ತಕನ ಮುಖಕ್ಕೆ ನಾನಾದರೆ ಕೆಮ್ಮಣ್ಣು ಮೆತ್ತುತ್ತಿದ್ದೆ. ಆದರೆ ಬೈದರೆ ಮನೆ ಖಾಲಿಯಾಗುವುದಿಲ್ಲ. ರೈತ ಮನೆಗೆ ಬಂದ. ಈ ಸಲ ಜಾಗಟೆಯವನ ತಂಟೆಗೇ ಹೋಗಲಿಲ್ಲ. ಕಲ್ಲು ಬಂದ ದಿನ ಮನೆಗೆ ಇನ್ನೇನೇನು ಬಂತು ಎಂದು ಮೂಲೆ ಮೂಲೆ ಹುಡುಕಿದ. ಅಟ್ಟದಲ್ಲಿ ಜಾಗಟೆಯವನ ಹಾಸಿಗೆ ಸಿಕ್ಕಿತು. ಹಿತ್ತಿಲ ಬಾಗಿಲಿಗೆ ಅವನದೇ ಒಂದು ಕೀಲಿ. ತಲೆಬಾಗಿಲಿನಲ್ಲಿ ರೈತನ ಹೆಸರು ಅಳಿಸಿ ವರ್ತಕನ ಹೆಸರು ಬರೆದಿತ್ತು. ರೈತ ಮೊದಲು ರೊಟ್ಟಿಯ ಆಸೆ ಬಿಟ್ಟು ಕಲ್ಲನ್ನು ಹೊರಗೆ ಉರುಳಿಸಿದ. ಆಮೇಲೆ ಹಾಸಿಗೆ, ಕೀಲಿ. ಕಡೆಗೆ ಬಾಗಿಲ ಮೇಲೆ ತನ್ನ ಹೆಸರು ಬರೆದ. ಮಲಗಲು ಜಾಗವಿಲ್ಲದೆ ಜಾಗಟೆಯವನು ತಾನೇ ನಡೆದ. ಎಮ್ಮೆ ಹಾಲು ಕೊಟ್ಟಿತು. ಕತೆ ಮುಗಿಯಿತು.”

ಬಸವಣ್ಯಪ್ಪ ತಟ್ಟನೆ ಎದ್ದ. “ತಿಳಿಯಿತು ಗುರುವೇ. ಹೋದ ಭಾನುವಾರ ಹಾಡು ಇಳಿಸಿಕೊಳ್ಳಲು ಒಂದು ಪುಕ್ಕಟೆ ಪ್ರೋಗ್ರಾಂ ಹಾಕಿದ್ದೆ. ನಾನು ಬರೀ ಜಾಹೀರಾತು ಮುಚ್ಚುತ್ತಾ ಕೂತಿದ್ದೆ, ಆ ಕಲ್ಲನ್ನು ಮುಟ್ಟಿಯೇ ಇಲ್ಲ. ಈಗಲೇ ಹೋಗಿ ಅದನ್ನು ಕೀಳುತ್ತೇನೆ. ಪ್ರೋಗ್ರಾಂಗಳ ಪಟ್ಟಿಯಲ್ಲಿ ತಾರೀಖು ನೋಡಿ, ಅದೇ ದಿನ ಬಂದ ಗುರುತಿಲ್ಲದ್ದನ್ನೆಲ್ಲ ತೆಗೆಯುತ್ತೇನೆ. ಬ್ರೌಸರಿಗೆ ಅಂಟಿಕೊಂಡ ಬಾಲಂಗೋಚಿಗಳನ್ನು ಬಿಡಿಸಿ, ಮೊದಲ ಪುಟವನ್ನು ಮೊದಲಿನಂತೆ ಮಾಡುತ್ತೇನೆ. ಅರ್ಜಿ ಇವತ್ತೇ ಹೋಗುತ್ತದೆ.”

“ಹೋಗುತ್ತದೆ,” ಎಂದೆ.

ಬಾಗಿಲ ತನಕ ಹೋದವನು ತಿರುಗಿ ನಿಂತ. ಸಿಟ್ಟು ಇನ್ನೂ ಇಳಿದಿರಲಿಲ್ಲ. “ಆದರೂ ಆ ರೈತನಂಥ ಪೆದ್ದನನ್ನು ನಾನು ಕಂಡಿಲ್ಲ ಬಿಡಿ. ಕಿವಿ ಎಲ್ಲೋ ಇಟ್ಟು ಯಾರಾದರೂ ಹೂಂ ಅನ್ನುತ್ತಾರೆಯೇ? ನನ್ನ ಮನೆಯಲ್ಲಿ ಹಾಗಲ್ಲ. ನನ್ನನ್ನು ಯಾರೂ ಕೇಳಲೇ ಇಲ್ಲ.”

ನಾನು ಅಂಗೈ ಚಾಚಿದೆ.

“ಸೈಕಲ್ಲಿನ ಕೀಲಿ ಇಲ್ಲಿಟ್ಟು ನಡೆದುಕೊಂಡು ಹೋಗು, ಮೂರನೆಯ ಹಳ್ಳಕ್ಕೂ ನಾಲ್ಕನೆಯ ಹಳ್ಳಕ್ಕೂ ನಡುವೆ ನಾನು ಹೇಳಿದ ಮಾತಿಗೆ ನೀನು ಹೂಂ ಅಂದದ್ದು ಅದಕ್ಕೇ.”