ಅಣಬೆ ಹುಲ್ಲನ್ನೇ ಆರಿಸಿಕೊಂಡದ್ದು

ಲೋಕ ಇನ್ನೂ ಹೊಸದಾಗಿತ್ತು ಕಂದ. ಎಷ್ಟು ಹೊಸದು ಅಂದರೆ, ನದಿಗಳಿಗೆ ತಮ್ಮ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ. ಎದುರಿಗೆ ಸಿಕ್ಕ ಬಂಡೆಯನ್ನು ನಿಲ್ಲಿಸಿ, "ಅಣ್ಣಾ, ಸಮುದ್ರ ಯಾವ ಕಡೆ?" ಎಂದು ಕೇಳುತ್ತಿದ್ದವು. ಬಂಡೆಗೆ ಮಾತ್ರ ಏನು ಗೊತ್ತಿರುತ್ತೆ, ಪಾಪ!

ಆಗ ಬೀಳುವುದು ಇತ್ತು, ಕೊಳೆಯುವುದು ಇರಲಿಲ್ಲ. ಎಲೆ ಉದುರುತ್ತಿತ್ತು, ಹಾಗೇ ಬಿದ್ದಿರುತ್ತಿತ್ತು. ಮರ ಉರುಳುತ್ತಿತ್ತು, ಹಾಗೇ ಬಿದ್ದಿರುತ್ತಿತ್ತು. ಕೊಯ್ಲಾದ ಮೇಲೆ ಹುಲ್ಲು ಉಳಿಯುತ್ತಿತ್ತು, ಅದೂ ಹಾಗೇ ಬಿದ್ದಿರುತ್ತಿತ್ತು. ಹಸು ಹೊಟ್ಟೆ ಬಿರಿಯುವಷ್ಟು ತಿಂದು, "ಇನ್ನು ನನ್ನ ಕೈಲಾಗಲ್ಲ" ಎಂದು ಮಗ್ಗುಲಾಗಿ ಮಲಗಿಬಿಡುತ್ತಿತ್ತು.

ಹೊಳೆಯ ಪಕ್ಕದಲ್ಲಿ ದ್ಯಾವಕ್ಕ ಎಂಬ ಹೆಂಗಸು, ಅವಳ ಗಂಡ ಜವರಯ್ಯ ಭತ್ತ ಬೆಳೆದುಕೊಂಡಿದ್ದರು. ಮೊದಲ ವರ್ಷದ ಹುಲ್ಲು ಗದ್ದೆಯಲ್ಲಿ ಮೊಣಕಾಲುದ್ದ ಬಂತು. ಎರಡನೇ ವರ್ಷ ಸೊಂಟದುದ್ದ ಬಂತು. ಮೂರನೇ ವರ್ಷ ಗದ್ದೆಯೇ ಕಾಣಿಸದಾಯಿತು. ಮಣ್ಣು ಎಲ್ಲೋ ಕೆಳಗೆ ಉಸಿರು ಕಟ್ಟಿಕೊಂಡು ಮಲಗಿತ್ತು.

ಮನೆಯಲ್ಲಿ ಬಿತ್ತನೆಗೆಂದು ಉಳಿದಿದ್ದು ಒಂದೇ ಮೊರ ಭತ್ತ. ಅದನ್ನು ಈ ಮಳೆಗಾಲದಲ್ಲೇ ಬಿತ್ತಬೇಕು. ಬಿತ್ತದಿದ್ದರೆ ಮುಂದಿನ ವರ್ಷಕ್ಕೆ ಅನ್ನವೂ ಇಲ್ಲ, ಬೀಜವೂ ಇಲ್ಲ.

ಮಳೆ ಬಾಗಿಲಲ್ಲಿ ನಿಂತು ಹೇಳಿತು: "ದ್ಯಾವಕ್ಕ, ನಾನು ಎರಡು ತಿಂಗಳು ಇರ್ತೀನಿ. ಆಮೇಲೆ ಬೇರೆ ಊರಿಗೆ ಹೋಗಬೇಕು. ಕೂಗಿ ಕರೆದರೂ ತಿರುಗಲ್ಲ."

"ಸುಟ್ಟಾಕ್ಬುಡನ ಕಣಮ್ಮಿ," ಅಂದ ಜವರಯ್ಯ. ಅವನಿಗೆ ಯಾವುದಕ್ಕೂ ತಡ ಆಗಬಾರದು.

ಒಲೆಯೊಳಗಿನ ಬೆಂಕಿ ಕಣ್ಣು ಬಿಟ್ಟು ನೋಡಿತು. "ನಾನೇನೋ ಬರ್ತೀನಿ ಜವರಯ್ಯ. ಆದರೆ ಎಲ್ಲಿ ನಿಲ್ಲಬೇಕು ಅಂತ ನನಗೇ ತಿಳಿಯಲ್ಲ. ಗದ್ದೆ ಮುಗಿದರೆ ನಿಮ್ಮ ಸೂರು. ಸೂರು ಮುಗಿದರೆ ಆ ಮೊರದಲ್ಲಿರೋ ಭತ್ತ."

ದ್ಯಾವಕ್ಕ ಮೊರವನ್ನು ಮಡಿಲಿಗೆಳೆದುಕೊಂಡಳು. "ಬ್ಯಾಡ, ಬ್ಯಾಡ. ಬೇರೆ ದಾರಿ ಏನಾದ್ರೂ ಇದ್ದೇ ಇರ್ತದೆ."

ಅಷ್ಟರಲ್ಲಿ ಗಾಳಿ ಬಂತು. ಅದರ ಅಂಗೈಯಲ್ಲಿ ಒಂದು ಚಿಟಿಕೆ ಬೂದು ಧೂಳು. "ದ್ಯಾವಕ್ಕ, ಇದನ್ನು ಸ್ವಲ್ಪ ಇಟ್ಟುಕೊಳ್ಳಮ್ಮ. ಇದರ ಹೆಸರು ಅಣಬೆ. ಬೇರಿಲ್ಲ, ಎಲೆಯಿಲ್ಲ, ಬಿಸಿಲು ಕುಡಿಯೋಕೆ ಬರಲ್ಲ. ಲೋಕದಲ್ಲಿ ಎಲ್ಲರಿಗೂ ಊಟ ಹಂಚುವಾಗ ನನ್ನ ಅಂಗೈಯಲ್ಲೇ ನಿದ್ದೆ ಮಾಡಿಬಿಟ್ಟಿತ್ತು. ಈಗ ಅಲೆಯುತ್ತಿದೆ."

"ಏನು ತಿಂತೀಯಪ್ಪ?" ಅಂದಳು ದ್ಯಾವಕ್ಕ.

"ಗೊತ್ತಿಲ್ಲ ಅವ್ವ. ಇದುವರೆಗೂ ಯಾರೂ ಕೊಟ್ಟಿಲ್ಲ," ಅಂತು ಧೂಳು. ಅದರ ದನಿ ಎಷ್ಟು ಸಣ್ಣದು ಅಂದರೆ ದ್ಯಾವಕ್ಕ ಉಸಿರು ಬಿಗಿಹಿಡಿದು ಕೇಳಬೇಕಾಯಿತು.

ಹಸಿದು ಬಂದವರಿಗೆ ಏನು ಮಾಡುತ್ತಾರೆ? ನಿಮ್ಮಮ್ಮ ಏನು ಮಾಡುತ್ತಾಳೋ ದ್ಯಾವಕ್ಕನೂ ಅದನ್ನೇ ಮಾಡಿದಳು. ಮೆತ್ತಗೆ ಅನ್ನ ಬೇಯಿಸಿ, ಬೆಲ್ಲ ಹಾಕಿ, ಹಾಲು ಹೊಯ್ದು, ಬಟ್ಟಲಲ್ಲಿ ಧೂಳನ್ನು ಕೂರಿಸಿದಳು.

ಮೂರನೇ ದಿನ ಬಟ್ಟಲು ಹಸಿರಾಗಿತ್ತು. ಹಸಿರು ಬೂಷ್ಟು! ಅದಕ್ಕೆ ಸಿಹಿ ಕಂಡರೆ ಸಾಕು, ಕರೆಯದೇ ಬರುತ್ತದೆ. ಅದೂ ನಮ್ಮದು, ಇದೂ ನಮ್ಮದು ಅಂತ ಕಿರುಚುತ್ತಾ ಬಟ್ಟಲ ತುಂಬ ಹರಡಿ ಕೂತಿತ್ತು. ಹುಳಿ ವಾಸನೆ ಬೇರೆ. ಅಣಬೆ ಒಂದು ಮೂಲೆಯಲ್ಲಿ ಮುದುರಿಕೊಂಡು ಸಾಯುವ ಹಾಗಾಗಿತ್ತು.

"ಅವ್ವ, ಸಿಹಿ ಇರೋ ಕಡೆ ಜನ ಜಾಸ್ತಿ. ನನಗೆ ಜಗಳ ಆಡೋಕೆ ಬರಲ್ಲ. ಯಾರೂ ತಿನ್ನದೇ ಬಿಟ್ಟದ್ದು ಏನಾದರೂ ಇದ್ದರೆ ತೋರಿಸು."

ದ್ಯಾವಕ್ಕ ಅದನ್ನು ಎತ್ತಿಕೊಂಡು ಹೊರಟಳು. ಮೊದಲು ಹಸಿರು ಗರಿಕೆಯನ್ನು ಕೇಳಿದಳು. "ನಾನಿನ್ನೂ ಬದುಕಿದ್ದೀನಮ್ಮ, ಎಂಥ ಮಾತು!" ಎಂದು ಗರಿಕೆ ಮುಖ ತಿರುಗಿಸಿತು. ಮರಳನ್ನು ಕೇಳಿದಳು. ಅದರ ಹತ್ತಿರ ಕೊಡಲು ಏನೂ ಇರಲಿಲ್ಲ. ಉರುಳಿ ಬಿದ್ದ ಹಲಸಿನ ಮರವನ್ನು ಕೇಳಿದಳು. ಮರ ನಿಧಾನವಾಗಿ, "ಬರಲಿ, ಸಂತೋಷ. ಆದರೆ ನಾನು ಗಟ್ಟಿ. ನನ್ನೊಳಗೆ ಇಳಿಯೋಕೆ ವರ್ಷಗಟ್ಟಲೆ ಬೇಕು. ಮಳೆ ಅಷ್ಟು ದಿನ ಕಾಯುತ್ತಾ?" ಅಂತು.

ಆಗ ಗದ್ದೆಯ ಕಡೆಯಿಂದ ಒಂದು ದನಿ ಕೇಳಿಸಿತು. ಹುಲ್ಲಿನ ದನಿ.

"ದ್ಯಾವಕ್ಕ, ನನ್ನನ್ನು ಯಾಕೆ ಕೇಳಲಿಲ್ಲ? ಕಾಳು ನೀನು ತಗೊಂಡೆ, ಒಳ್ಳೇದೇ ಆಯ್ತು. ನಾನು ಮೂರು ವರ್ಷದಿಂದ ಬಿದ್ದಲ್ಲೇ ಬಿದ್ದಿದ್ದೀನಿ. ನಾನು ಬಂದದ್ದು ಮಣ್ಣಿಂದ. ಮಣ್ಣಿಗೆ ವಾಪಸ್ ಹೋಗೋ ದಾರಿ ಮಾತ್ರ ಯಾರಿಗೂ ಗೊತ್ತಿಲ್ಲ."

ದ್ಯಾವಕ್ಕ ಹುಲ್ಲಿನ ಪಕ್ಕ ಕೂತು ಅದರ ಮೈ ಸವರಿದಳು. ಮೂರು ವರ್ಷ ಆ ಹುಲ್ಲಿಗೆ ಬೈದುಕೊಂಡೇ ಓಡಾಡಿದ್ದಳಲ್ಲ!

ಅಣಬೆ ಒಂದು ಒಣ ಕಡ್ಡಿಯನ್ನು ಮುಟ್ಟಿ ನೋಡಿತು. ಮತ್ತೆ ಮುಟ್ಟಿತು. "ಅವ್ವ, ಇದೇ ನನ್ನ ಊಟ. ಆದರೆ ಬಟ್ಟಲಿನ ಬೂಷ್ಟು ನನ್ನ ಹಿಂದೆಯೇ ಬಂದು ಇದರಲ್ಲೂ ಅಡಗಿದೆ. ಮೊದಲ ಸಲಕ್ಕೆ ಮಾತ್ರ ಸ್ವಲ್ಪ ಸಹಾಯ ಮಾಡು."

ಅದು ಹೇಳಿದ ಹಾಗೆ ದ್ಯಾವಕ್ಕ ಮಾಡಿದಳು. ಹುಲ್ಲನ್ನು ಬೆರಳುದ್ದ ಕತ್ತರಿಸಿದಳು. ಒಂದು ಹಗಲು ನೀರಲ್ಲಿ ನೆನೆಸಿದಳು. ಬಾಣಂತಿ ಮನೆಯಲ್ಲಿ ಮಗುವಿಗೆ ಹೊಯ್ಯುವ ಹಾಗೆ ಹುಲ್ಲಿಗೆ ಬಿಸಿ ಬಿಸಿ ನೀರು ಹೊಯ್ದಳು, ಅದಕ್ಕಿಂತಲೂ ಬಿಸಿಯಾಗಿ. ಅಡಗಿ ಕೂತಿದ್ದ ಬೂಷ್ಟೆಲ್ಲ "ಅಯ್ಯಪ್ಪಾ!" ಎಂದು ಎದ್ದು ಓಡಿತು. ಹುಲ್ಲು ತಣ್ಣಗಾದ ಮೇಲೆ ಒಂದು ಹಿಡಿ ತೆಗೆದು ಹಿಂಡಿದಳು. ನೀರು ಧಾರೆ ಧಾರೆಯಾಗಿ ಸುರಿಯಿತು.

"ಇಷ್ಟು ಒದ್ದೆ ಆದರೆ ನನಗೆ ಉಸಿರಾಡೋಕೆ ಆಗಲ್ಲ ಅವ್ವ."

ಆರಲು ಬಿಟ್ಟು, ಮತ್ತೆ ಹಿಂಡಿದಳು. ಈ ಸಲ ಎರಡೇ ಎರಡು ಹನಿ.

"ಈಗ ಸರಿ. ನನ್ನನ್ನೂ ಹುಲ್ಲಿನ ಜೊತೆ ಬುಟ್ಟಿಗೆ ತುಂಬಿ ಚಾಪೆ ಮುಚ್ಚಿ, ಮಬ್ಬುಗತ್ತಲೆಯಲ್ಲಿಡು. ಇಪ್ಪತ್ತು ದಿನ ತೆಗೆದು ನೋಡಬೇಡ."

ಇಪ್ಪತ್ತು ದಿನ! ನಿನ್ನನ್ನು ಇಪ್ಪತ್ತು ನಿಮಿಷ ಸುಮ್ಮನೆ ಕೂರಿಸೋಕೆ ನನ್ನ ಕೈಲಾಗಲ್ಲ. ಜವರಯ್ಯನ ಪಾಡು ಹೇಗಿರಬೇಡ? ದಿನಾ ಬುಟ್ಟಿಯ ಸುತ್ತ ಸುತ್ತುತ್ತಿದ್ದ. ಹೊರಗೆ ಮಳೆ ಆಗಲೇ ಗಂಟು ಮೂಟೆ ಕಟ್ಟಲು ಶುರು ಮಾಡಿತ್ತು.

ಹತ್ತೊಂಬತ್ತನೇ ದಿನ ಬೆಳಗ್ಗೆ ಅವನ ತಾಳ್ಮೆ ಕೆಟ್ಟಿತು. ಚಾಪೆ ಎತ್ತಿಯೇಬಿಟ್ಟ. ಎತ್ತಿದವನೇ ಕೂಗಿಕೊಂಡ:

"ಅಮ್ಮೀ! ಇದೂ ಬೂಷ್ಟು ಹಿಡಿದೋಯ್ತು ಕಣೆ! ಬೆಳ್ಳಗೆ ಆಗೋಗದೆ! ಇನ್ನೇನ್ ಕಾಯದು, ಬೆಂಕಿ ಇಕ್ಬುಡ್ತೀನಿ!"

ಬುಟ್ಟಿಯನ್ನು ಹೆಗಲಿಗೇರಿಸಿ ಒಲೆಯ ಕಡೆ ಹೊರಟೇಬಿಟ್ಟ. ಬೆಂಕಿ ನಾಲಿಗೆ ಚಾಚಿತು. ದ್ಯಾವಕ್ಕ ಓಡಿ ಬಂದು ಬುಟ್ಟಿಯ ಅಂಚು ಹಿಡಿದಳು. ಒಳಗೆ ನೋಡಿದಳು. ಹುಲ್ಲಿನ ಬಣ್ಣವೇ ಕಾಣದು. ಕಡ್ಡಿ ಕಡ್ಡಿಗೂ ಬಿಳಿ ದಾರ ಸುತ್ತಿತ್ತು.

ಆದರೂ ಬಗ್ಗಿ ಮೂಸಿದಳು. ಹುಳಿ ವಾಸನೆ ಇಲ್ಲ. ಮೊದಲ ಮಳೆ ಬಿದ್ದಾಗ ಬರುತ್ತದಲ್ಲ, ಆ ವಾಸನೆ.

"ಇಳ್ಸಿ ಕೆಳಕ್ಕೆ," ಅಂದಳು ಮೆಲ್ಲಗೆ. "ಬೂಷ್ಟು ನಾರ್ತದೆ. ಇದು ನಾರಲ್ಲ. ಇದ್ಕೆ ಜೀವ ಅದೆ."

ಮಾರನೆಯ ಬೆಳಗ್ಗೆ ಇಬ್ಬರೂ ಬುಟ್ಟಿಯ ಮುಂದೆ ಕೂತರು. ಬಿಳಿ ದಾರಗಳ ಮಧ್ಯೆ ಸೂಜಿಮೊನೆಯಷ್ಟು ಗಂಟು ಮೂಡಿತು. ಗಂಟು ಕಡಲೆಯಷ್ಟಾಯಿತು. ನೋಡನೋಡುತ್ತಲೇ, ಒಂದು ಸದ್ದೂ ಇಲ್ಲದೆ, ಬೆಳ್ಳನೆಯ ಕೊಡೆಗಳು ಒಂದರ ಪಕ್ಕ ಒಂದು ಅರಳಿ ನಿಂತವು. ಬೀಜ ಬಿತ್ತಿರಲಿಲ್ಲ, ಬಿಸಿಲು ಬಿದ್ದಿರಲಿಲ್ಲ. ಸತ್ತ ಹುಲ್ಲಿನ ಮೇಲೆ ಇಂಥದ್ದೊಂದು! ಸದಾ ವಟಗುಟ್ಟುವ ಜವರಯ್ಯ ಕೈ ಮುಗಿದುಬಿಟ್ಟ. ದ್ಯಾವಕ್ಕ ಅಳುತ್ತಿದ್ದಳು, ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

"ಅವ್ವ, ಈಗ ನನಗೆ ಬಲ ಬಂದಿದೆ. ಇನ್ನು ಬಿಸಿನೀರೂ ಬೇಡ, ಚಾಪೆಯೂ ಬೇಡ. ಗದ್ದೆಗೆ ಕರಕೊಂಡು ಹೋಗು," ಅಂತು ಅಣಬೆ.

ದ್ಯಾವಕ್ಕ ಆ ಬಿಳಿ ಹುಲ್ಲನ್ನು ಹಿಡಿ ಹಿಡಿಯಾಗಿ ಗದ್ದೆಯ ಉದ್ದಕ್ಕೂ ಇಟ್ಟಳು. ಮಳೆ ಕಟ್ಟಿದ ಮೂಟೆ ಬಿಚ್ಚಿ ಕೊನೆಯ ಹನಿಗಳನ್ನೂ ಸುರಿಸಿತು. ಆ ಬೆಟ್ಟದಂಥ ಹುಲ್ಲು ಬೆಳ್ಳಗಾಯಿತು. ಆಮೇಲೆ ಕಂದು ಬಣ್ಣವಾಯಿತು. ಆಮೇಲೆ ಮೆತ್ತಗೆ, ಮೆಲ್ಲಗೆ ಕುಸಿಯುತ್ತಾ ಬಂತು. ಕಾಲಿಟ್ಟರೆ ಹೂತುಹೋಗುವಷ್ಟು ಮೆತ್ತನೆಯ ಕಪ್ಪು ಮಣ್ಣಾಯಿತು.

"ಸೇರಿಕೊಂಡೆ ಕಣಮ್ಮ," ಅಂತು ಹುಲ್ಲು. ಅದೇ ಅದರ ಕೊನೆಯ ಮಾತು.

ಅವತ್ತೇ ಭತ್ತ ಬಿತ್ತಿದರು. ಅದು ಬೆರಳುದ್ದ ಚಿಗುರುವ ಹೊತ್ತಿಗೆ ಕೊಡೆಗಳೆಲ್ಲ ಮಡಚಿಕೊಂಡಿದ್ದವು. "ಇರಪ್ಪ ಇನ್ನೆರಡು ದಿನ," ಎಂದು ದ್ಯಾವಕ್ಕ ಬೇಡಿಕೊಂಡಳು. "ಹಲಸಿನ ಮರ ಕಾಯ್ತಾ ಇದೆ ಅವ್ವ. ಕಾಡೆಲ್ಲ ಕಾಯ್ತಾ ಇದೆ," ಎಂದು ಅಣಬೆ ಗಾಳಿಯ ಅಂಗೈ ಹತ್ತಿತು.

ಅವತ್ತಿನಿಂದ ಅಣಬೆಯದು ಒಂದೇ ಹಟ. ಮನೆಯಲ್ಲಿ ಬೆಳೆಸುವವರು ಇವತ್ತಿಗೂ ಅದಕ್ಕೆ ಬೆಲ್ಲ, ಹಾಲು ಹಾಕುವುದಿಲ್ಲ. ಭತ್ತದ ಹುಲ್ಲು, ರಾಗಿ ಹುಲ್ಲು, ಕಾಳು ಬಿಡಿಸಿದ ಜೋಳದ ದಂಟು, ಮರ ಕೊಯ್ದ ಹೊಟ್ಟು, ಹೀಗೆ ಮಿಕ್ಕವರು ಬಿಟ್ಟದ್ದನ್ನೇ ಹುಡುಕಿ, ಬಿಸಿನೀರು ಹೊಯ್ದು, ಹಿಂಡಿ ನೋಡಿ ಕೊಡುತ್ತಾರೆ.

ಮಳೆ ಬಂದ ಮಾರನೆಯ ಬೆಳಗ್ಗೆ ಹಳೆಯ ಬಣವೆಯ ಬುಡದಲ್ಲಿ ಬಿಳಿ ಕೊಡೆ ಅರಳಿದ್ದು ಕಂಡರೆ, ಕಿತ್ತು ಬಾಯಿಗೆ ಹಾಕಿಕೊಳ್ಳಬೇಡ ಮತ್ತೆ, ಪಕ್ಕದಲ್ಲಿ ಕೂತು ಅದರ ಕೆಳಗಿನ ಹುಲ್ಲನ್ನು ಒಂಚೂರು ಎತ್ತಿ ನೋಡು ಕಂದ: ಅದು ಆಗಲೇ ಮಣ್ಣಾಗುತ್ತಿರುತ್ತದೆ.