ಚಕ್ರದಡಿಯ ನಿಂಬೆಹಣ್ಣು

ಆಯುಧಪೂಜೆಯ ಬೆಳಿಗ್ಗೆ ಪೂವಯ್ಯನವರ ಶೆಡ್ಡಿನಲ್ಲಿ ಎರಡು ಕೆಂಪು ಸ್ಪೋರ್ಟ್ಸ್ ಕಾರುಗಳು ಹೂಮಾಲೆ ಹಾಕಿಕೊಂಡು ನಿಂತಿದ್ದವು. ಒಂದು ಅಜ್ಜನ ಕಾಲದ ಅಸಲಿ. ಇನ್ನೊಂದು ಅದನ್ನೇ ನೋಡಿ ಮಾಡಿಸಿದ ನಕಲಿ. ತಾನು ಯಾರೆಂಬುದು ನಕಲಿಗೆ ಚೆನ್ನಾಗಿ ಗೊತ್ತಿತ್ತು.

"ನಿನ್ನ ಮೈ ಫೈಬರ್, ಎಂಜಿನ್ ಯಾವುದೋ ವ್ಯಾನಿನದು. ನನ್ನ ಪಕ್ಕ ನಿಲ್ಲಲು ನಾಚಿಕೆಯಾಗುವುದಿಲ್ಲವೇ?" ಎಂದಿತು ಅಸಲಿ.

"ಮಳೆ ಬಂದರೆ ಸೋರುತ್ತೇನೆ, ಅದನ್ನೂ ಸೇರಿಸಿಕೊಳ್ಳಿ," ಎಂದಿತು ನಕಲಿ. "ಆದರೆ ಚೆಲುವು ನಿಮ್ಮದೇ. ಹೋದಲ್ಲೆಲ್ಲ ಜನ ನಿಂತು ನೋಡುತ್ತಾರೆ."

"ಎರವಲು ಚೆಲುವು!"

"ಹೌದು. ಊರೆಲ್ಲ ಸುತ್ತುವ ಎರವಲು."

ಅಷ್ಟರಲ್ಲಿ ಪೂವಯ್ಯ ಬಂದರು. ನಕಲಿಯ ಬಾನೆಟ್ಟಿಗೆ ಧಾರಾಳವಾಗಿ ಕುಂಕುಮ ಬಳಿದರು. ಅಸಲಿಗೆ ಮಾತ್ರ, ಬಣ್ಣ ಕೆಟ್ಟೀತೆಂದು, ಗಾಜಿನ ಮೇಲೊಂದು ಚುಕ್ಕಿ ಇಟ್ಟರು. ಚಕ್ರದಡಿಗೆ ನಿಂಬೆಹಣ್ಣು ಇಡಲು ಬಗ್ಗಿದರೆ, ಅಸಲಿಯ ಚಕ್ರದ ಮುಂದೆ ಹೋದ ವರ್ಷದ ಹಣ್ಣು ಒಡೆಯದೆ ಹಾಗೇ ಒಣಗಿ ಕೂತಿತ್ತು. ಅದನ್ನೆತ್ತಿ ಎಸೆದು, ಎರಡೂ ಕಾರುಗಳಿಗೆ ಹೊಸ ಹಣ್ಣು ಇಟ್ಟು, ನಕಲಿಯನ್ನು ಹತ್ತಿ ಹೊರಟರು. ಅದರ ಚಕ್ರದಡಿ ನಿಂಬೆಹಣ್ಣು ಪಚಕ್ಕನೆ ಒಡೆದು ಶೆಡ್ಡೆಲ್ಲ ಘಮ್ಮೆಂದಿತು.

"ಏಯ್," ಎಂದು ಹಿಂದಿನಿಂದ ಅಸಲಿ ಕರೆಯಿತು. "ಬರುವಾಗ ಒಂದಿಷ್ಟು ಕೆಸರು ಮೆತ್ತಿಕೊಂಡು ಬಾ. ಬಂದು ನನ್ನ ಪಕ್ಕದಲ್ಲೇ ನಿಲ್ಲು."